ಹೆಂಡತಿಯ ಎಡಗಣ್ಣು

ವ್ಯಾಪಾರಸ್ಥನಿಗೆ ಕಣ್ಣು ಚುರುಕಾಗಿರಬೇಕು ಅಂತಾರೆ. ನಮ್ಮ ಮನೆಯಲ್ಲಿ ಚುರುಕುಗಣ್ಣು ನನ್ನದಲ್ಲ, ಹೆಂಡತಿಯದು. ಮದಲೂರಿನ ಕಡೆ ನಾವು ಕಂಬಳಿ ನೇಯುವವರು. ಕುರಿ ಉಣ್ಣೆಯ ರಾಶಿ ಮುಂದೆ ಕೂತು ಅಪ್ಪಟ ಕಪ್ಪು ಬೇರೆ, ಕೆಂಚು ತಿರುಗಿದ ಕಪ್ಪು ಬೇರೆ ಅಂತ ಅವಳು ಆರಿಸಿಕೊಟ್ಟರೆ, ಬಣ್ಣ ಹಾಕದೇನೇ ಕರಿಕಂಬಳಿ ಆಗುತ್ತಿತ್ತು. ಅದನ್ನು ಸಿರಾ ಸಂತೆಯಲ್ಲಿ ಹೊಗಳಿ ಮಾರುವುದಷ್ಟೇ ನನ್ನ ಪಾಲು. ಹೊಗಳೋದಕ್ಕೆ ಕಣ್ಣು ಬೇಕಿಲ್ಲ, ಬಾಯಿದ್ದರೆ ಸಾಕು.

ಎಂಬತ್ತರ ದಶಕದ ಶುರುವಿನಲ್ಲಿ ಒಂದು ಸಂತೆ ದಿನ, ಹಳೇ ಗಿರಾಕಿ ಸಾಬರೊಬ್ಬರು ಕಂಬಳಿಯನ್ನು ಬಿಸಿಲಿಗೆ ಹಿಡಿದು ನಕ್ಕರು. "ಕ್ಯಾ ಭಾಯ್, ಕಂಬಳಿಗೂ ಮೆಹಂದಿ ಹಚ್ಚೀರಾ?" ನೋಡಿದರೆ ಕರೀ ಮೈಯಲ್ಲಿ ಗೇಣುದ್ದದ ಕೆಂಚು ಪಟ್ಟೆ.

ಮನೆಗೆ ಬಂದವನೇ ರೇಗಿದೆ. "ಕಣ್ಣು ಎಲ್ಲಿಟ್ಟಿದ್ದೆ?"

"ನಿನ್ ಒಲೆ ಮುಂದೆ ಇಟ್ಟಿದ್ದೆ ಕಣಯ್ಯ," ಅಂದಳು. "ಬಲಗಣ್ಣಿಗೆ ಎಲ್ಲಾ ಮಂಜು. ಎಡಗಣ್ಣು ಒಂದ್ರಲ್ಲೇ ಗೇಯ್ತಾ ಇವ್ನಿ. ಅದೂ ಹೋದ್ರೆ ಉಣ್ಣೆ ಮೂಸಿ ಆರಿಸ್ಲಾ?"

ನಲವತ್ತೈದು ದಾಟಿದ ಹೆಂಗಸು. ಬೀದಿಯವರೆಲ್ಲ ವೈದ್ಯರಾದರು. ಒಬ್ಬಳು ಎದೆಹಾಲು ಹಾಕು ಅಂದಳು, ಒಬ್ಬ ಜೇನುತುಪ್ಪ, ಮತ್ತೊಬ್ಬ ಈರುಳ್ಳಿ ರಸ. ಕಣ್ಣಲ್ಲೇ ಅಡುಗೆಗೆ ಇಟ್ಟಂಗಿತ್ತು. ನಾನು ಒಂದನ್ನೂ ಹಾಕಿಸಲಿಲ್ಲ, ನೀವೂ ಹಾಕಿಸಬೇಡಿ. ಮಧುಗಿರಿಯ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ಅಂತ ಗೊತ್ತಾಗಿ ಬಸ್ಸು ಹತ್ತಿಸಿದೆ.

ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು. ಟಾರ್ಚು ಬಿಟ್ಟು ನೋಡಿ, "ಬಲಗಣ್ಣಿನ ಪೊರೆ ಬಲಿತ ಮೇಲೆ ಆಪರೇಷನ್ ಮಾಡಬೇಕು. ಎಡಗಣ್ಣಿಗೆ ಈಗ ತಾನೇ ಶುರು. ಅದನ್ನ ಕಾಪಾಡ್ಕೊಳ್ಳಿ," ಅಂದರು. ಸಕ್ಕರೆ ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಆಮೇಲೆ, "ಒಲೆ ಎಲ್ಲಿದೆ?"

ಒಲೆ ನಮ್ಮ ಕಸುಬಿನದೇ. ಕಂಬಳಿ ಗಟ್ಟಿಯಾಗಲಿ ಅಂತ ಬಳಿಯೋ ಹುಣಸೆಬೀಜದ ಗಂಜಿಯನ್ನು, ನೇಯ್ದ ಕಂಬಳಿ ನೇತುಹಾಕಿದ ಕೋಣೆಯಲ್ಲೇ ಕಿಟಕಿಗೆ ಗೋಣಿ ತುರುಕಿ ಕುದಿಸುತ್ತಿದ್ದೆವು. ಹೊಗೆಯಾಡಿದರೆ ಉಣ್ಣೆಗೆ ನುಸಿ ಬರಲ್ಲ. ಒಂದೇ ಸೌದೆಯಲ್ಲಿ ಎರಡು ಕೆಲಸ ಅಂತ ನಾನು ಜಂಬಪಡುತ್ತಿದ್ದೆ. ಹೊಗೆ ಸಾಲದು ಅಂತ ನನ್ನ ಬೀಡಿಯೂ ಅಲ್ಲೇ.

"ನಮ್ಮತ್ತೇನೂ ಅಲ್ಲೇ ಕೂತಿದ್ದೋರು," ಅಂದಳು ಹೆಂಡತಿ. "ಈಗ ಅವರಿಗೆ ಎರಡೂ ಕಾಣಲ್ಲ."

ವಯಸ್ಸಾದ ಮೇಲೆ ಇದ್ದದ್ದೇ ಅಂದುಕೊಂಡಿದ್ದೆ ನಾನು.

ಊಟಕ್ಕೇನು ಅಂತ ಕೇಳಿದರು. "ಮುದ್ದೆ. ಹುರುಳಿ ಕಟ್ಟಿನ ಸಾರು, ಗಂಡಸರು ಉಂಡು ಉಳಿದ್ರೆ."

ಡಾಕ್ಟ್ರಮ್ಮ ಚೀಟಿ ಬರೆದರು: ನುಗ್ಗೆ ಸೊಪ್ಪು, ಪರಂಗಿ ಹಣ್ಣು, ಮೊಟ್ಟೆ, ಸಿಹಿಗುಂಬಳ. ಮುಖ ಎತ್ತೋಕೆ ಆಗಲಿಲ್ಲ. ಅಷ್ಟೂ ನಮ್ಮ ಹಿತ್ತಲಲ್ಲೇ ಇತ್ತು. ಹಣ್ಣು, ಮೊಟ್ಟೆ, ಕುಂಬಳ ಸಂತೆಗೆ, ಸೊಪ್ಪು ಮೇಕೆಗೆ. ಮೇಕೆಗಳ ಕಣ್ಣು ಫಳಫಳ ಅಂತಿದ್ದವು.

ಆದರೂ ಹುಟ್ಟುಗುಣ. "ಇದೆಲ್ಲಾ ಯಾಕೆ ಡಾಕ್ಟ್ರಮ್ಮ, ಒಂದು ಸೀಸೆ ಟಾನಿಕ್ ಕೊಟ್ಬುಡಿ."

"ಇಲ್ಲ. ಒಲೆ ಹೊರಗೆ ಹೋಗಬೇಕು. ಬಿಸಿಲಲ್ಲಿ ತಲೆಗೆ ನೆರಳು ಬೇಕು. ನಿಮ್ಮ ಬೀಡಿ ನಿಲ್ಲಬೇಕು."

"ದಿನಕ್ಕೆ ಅರ್ಧ ಕಟ್ಟು ಬೀಡಿ ಸೇದ್ತೀನಿ."

"ಇಲ್ಲ."

"ಹೋಗ್ಲಿ, ಇಷ್ಟು ಮಾಡಿದ್ರೆ ಪೊರೆ ಕರಗ್ತದಾ?"

"ಬಂದದ್ದು ಕರಗಲ್ಲ. ಬೆಳೆಯೋದು ನಿಧಾನ ಆಗಬಹುದು. ಗ್ಯಾರಂಟಿ ಕೊಡಲ್ಲ."

ಗ್ಯಾರಂಟಿ ಇಲ್ಲದ ಸರಕನ್ನು ಹೇಳಿದ ಬೆಲೆಗೇ ಕೊಂಡದ್ದು ನನ್ನ ಜನ್ಮದಲ್ಲಿ ಅದೊಂದೇ.

ಮಾರನೇ ದಿನ ಒಲೆಯನ್ನು ಬೇವಿನ ಮರದಡಿ ಹಾಕಿದೆ. ಜಗುಲಿಯಲ್ಲಿ ಕೂತಿದ್ದ ನಮ್ಮವ್ವ ಸದ್ದಿನಲ್ಲೇ ತಿಳಿದುಕೊಂಡಳು. "ಒಲೆ ಆಚಿಕೂ ಇಡಬೋದು ಅಂತ ಆವತ್ತು ಯಾವನ್ಗೂ ಹೊಳೀಲಿಲ್ವೇನ್ಲಾ?" ಅಂದಳು. ನಾನು ಕಲ್ಲು ಜೋಡಿಸುತ್ತಲೇ ಇದ್ದೆ.

ನುಸಿ ಬಂತು, ಎರಡು ಕಂಬಳಿ ತಿಂತು. "ತಿನ್ಲಿ ಬುಡು, ಕಣ್ಣು ತಿನ್ನೋದಕ್ಕಿಂತ ವಾಸಿ," ಅಂದಳು ಹೆಂಡತಿ, ನನ್ನ ಪಕ್ಕದಲ್ಲೇ ತಟ್ಟೆ ಹಾಕಿಕೊಂಡು ನುಗ್ಗೆ ಸೊಪ್ಪಿನ ಪಲ್ಯ ಬಡಿಸಿಕೊಳ್ಳುತ್ತಾ. ನಾನು ಹೇಳೋದು ಇಷ್ಟೇ: ಹಿತ್ತಲದ್ದು ಮೊದಲು ಮನೆಯ ತಟ್ಟೆಗೆ ಬರಲಿ, ಅದರಲ್ಲೂ ಹೆಂಗಸರ ತಟ್ಟೆಗೆ. ಮಿಕ್ಕಿದ್ದನ್ನು ಮಾರಿ. ನಲವತ್ತಕ್ಕೇ ಕಣ್ಣು ತೋರಿಸಿ; ಮಂಜು ಕವಿಯೋತನಕ ಕಾಯಬೇಡಿ.

ಬಲಗಣ್ಣಿಗೆ ಆಪರೇಷನ್ ಆಯಿತು, ಸೀಸೆತಳದಂಥ ಕನ್ನಡಕವೂ ಬಂತು. ಮೂರು ವರ್ಷ ಕಳೆದು ಮತ್ತೆ ಮಧುಗಿರಿಯ ಶಿಬಿರಕ್ಕೆ ಹೋದಾಗ ಡಾಕ್ಟ್ರಮ್ಮ ಎಡಗಣ್ಣನ್ನು ತುಂಬಾ ಹೊತ್ತು ನೋಡಿದರು.

"ಹೆಚ್ಚೇನೂ ಬೆಳೆದಿಲ್ಲ. ಇದಕ್ಕೆ ಇನ್ನೂ ಕಾಯಬಹುದು."

ಸಮಾಧಾನವಾಯಿತು. ಸಮಾಧಾನವಾದ ಕೂಡಲೇ ನನ್ನ ಬಾಯಿ ಸುಮ್ಮನಿರಲ್ಲ. "ಅಂಗಾದ್ರೆ ಮಳೆಗಾಲದಾಗೆ ಮಾತ್ರ ಒಲೆ ಒಳಕ್ಕೆ..."

ಡಾಕ್ಟ್ರಮ್ಮ ಬಾಯಿ ತೆರೆಯೋ ಮೊದಲೇ ಹೆಂಡತಿ ಸೆರಗು ಕೊಡವಿ ಎದ್ದಳು. "ಕಣ್ಣು ನಂದು ಕಣಯ್ಯ, ಚೌಕಾಸಿ ಮಾಡಕ್ಕೆ ನೀನ್ಯಾರು? ನಡಿ, ಬಸ್ಸು ಹೋಯ್ತದೆ."