ಹುಸೇನಮ್ಮನ ಗೋಡೆಗೆ ತೂಗಿದ ಮಡ್ಗಾರ್ಡು

ಬೀರಲಿಂಗಪ್ಪನನ್ನು ಮೊದಲ ಸಲ ನೋಡಿದಾಗ ಈ ಸಾಲುಗಳನ್ನು ಬರೆಯುತ್ತಿರುವವನು ಅವನನ್ನು ಕುಲ್ಫಿ ಮಾರುವವನೆಂದೇ ತಿಳಿದಿದ್ದ. ತಪ್ಪು ಪೂರ್ತಿ ಬರೆಯುವವನದೇ ಅಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ, ಮಕ್ತಲ್ ಬಸ್ ನಿಲ್ದಾಣದ ಎದುರು, ಹಳೆಯ ಮೋಟರ್ ಸೈಕಲ್ಲಿನ ಹಿಂದಿನ ಸೀಟಿಗೆ ಕರಿ ಕಂಬಳಿ ಸುತ್ತಿ ಬಿಗಿದ ಒಂದು ಕ್ಯಾನು. ಅವನು ಅದರ ಬಿರಡೆ ಎತ್ತಿದ ಕೂಡಲೇ ಬಿಳಿ ಹೊಗೆ ಎದ್ದು ನಿಧಾನಕ್ಕೆ ಕೆಳಗಿಳಿಯಿತು. ಆ ಬಿಸಿಲಲ್ಲಿ ಅಂಥದ್ದನ್ನು ಕಂಡರೆ ಯಾರ ಬಾಯಲ್ಲಾದರೂ ನೀರೂರಬೇಕು. "ಎರಡು ಕೊಡ್ರಿ" ಎಂದು ಕೈ ಚಾಚಿದ್ದಕ್ಕೆ ಅವನು ಬಿರಡೆ ಮುಚ್ಚುತ್ತ, ಮುಖ ಕೂಡ ಎತ್ತದೆ ಹೇಳಿದ: "ಇದು ನಿಮಗಲ್ರಿ, ಎಮ್ಮಿಗೆ."

ಬೀರಲಿಂಗಪ್ಪ ಗೋಪಾಲಮಿತ್ರ, ಅಂದರೆ ಊರೂರಿಗೆ ಹೋಗಿ ದನ ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಕ್ಯಾನಿನಲ್ಲಿರುವುದು ಮೈ ಕೊರೆಯುವಷ್ಟು ತಣ್ಣನೆಯ ದ್ರವ ಸಾರಜನಕ, ಅದರಲ್ಲಿ ಮುಳುಗಿಸಿಟ್ಟ ಸಣ್ಣ ಕಡ್ಡಿಗಳು, ಕಡ್ಡಿಗಳೊಳಗೆ ಒಳ್ಳೆ ತಳಿಯ ಕೋಣದ ವೀರ್ಯ. ಬೆದೆಗೆ ಬಂದ ಎಮ್ಮೆಗೆ ಅದನ್ನು ಹೊತ್ತು ಮೀರುವ ಮೊದಲು ಸೇರಿಸುವುದು ಅವನ ಕೆಲಸ. ಊರವರು ಅದಕ್ಕೆ "ಸೂಜಿ ಹಾಕೋದು" ಅನ್ನುತ್ತಾರೆ. ಅದರಲ್ಲಿ ಸೂಜಿಯೇ ಇಲ್ಲವೆಂದು ಅವನು ಮೊದಲೆರಡು ವರ್ಷ ಎಲ್ಲರಿಗೂ ತಿಳಿಸಿ ಹೇಳಿದ. ಮೂರನೆಯ ವರ್ಷಕ್ಕೆ ಅವನ ಹೆಸರೇ ಸೂಜಿ ಬೀರಪ್ಪ ಎಂದಾದ ಮೇಲೆ ಹೇಳುವುದನ್ನು ಬಿಟ್ಟ. ಅವರದು ಕುರಿ ಕಾಯುವ ಮನೆತನ, ಬೀರಪ್ಪ ದೇವರ ಒಕ್ಕಲು. ಮಗನ ಈ ಉದ್ಯೋಗ ಅವನ ಅಪ್ಪನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. "ನಮ್ಮ ಟಗರು ಯಾವನ ಫೋನಿಗೂ ಕಾಯಂಗಿಲ್ಲ ನೋಡು" ಎನ್ನುತ್ತಿದ್ದ.

ಎಮ್ಮೆಗಳು ಸಾಮಾನ್ಯವಾಗಿ ಬೆದೆಗೆ ಬರುವುದು ಮಳೆಗಾಲ ಜೋರಾದ ಮೇಲೆ. ಅಂದರೆ ದಾರಿ ಕೆಟ್ಟಷ್ಟೂ ಬೀರಲಿಂಗಪ್ಪನಿಗೆ ಕೆಲಸ ಜಾಸ್ತಿ. ಮಕ್ತಲ್‌ನಿಂದ ಕೃಷ್ಣೆಯ ಕಡೆ ಇಳಿದ ಹಾಗೆ ಮಣ್ಣು ಕಪ್ಪಾಗುತ್ತದೆ. ಒಣಗಿದರೆ ಕಲ್ಲು, ನೆನೆದರೆ ಅಂಟು. ಅದರ ಮೇಲೆ ಒಂದು ಫರ್ಲಾಂಗು ಗಾಡಿ ಓಡಿಸಿದರೆ ಸಾಕು, ಮುಂದಿನ ಚಕ್ರಕ್ಕೂ ಮಡ್ಗಾರ್ಡಿಗೂ ನಡುವಿನ ಸಂದಿನಲ್ಲಿ ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡು ಚಕ್ರ ತಿರುಗುವುದನ್ನೇ ಬಿಡುತ್ತದೆ. ಹಾಗಾಗಿ ಟಾರು ಮುಗಿಯುವ ಕಡೆ, ಹುಸೇನಮ್ಮನ ಚಹಾದಂಗಡಿಯಲ್ಲಿ, ಮಳೆಗಾಲಕ್ಕೆ ಒಂದು ಪದ್ಧತಿ. ಒಳಗಿನ ಹಳ್ಳಿಗಳಿಗೆ ಹೋಗುವವರು ಗಾಡಿಯ ಮುಂದಿನ ಮಡ್ಗಾರ್ಡು ಬಿಚ್ಚಿ ಅವಳ ಗೋಡೆಯ ಮೊಳೆಗೆ ತೂಗುಹಾಕಿ ಹೋಗುತ್ತಾರೆ. ಬರುವಾಗ ಮತ್ತೆ ಹಾಕಿಕೊಳ್ಳುತ್ತಾರೆ. ಹೊಸಬರು ಅದನ್ನು ಗುಜರಿ ಅಂಗಡಿ ಎಂದುಕೊಂಡು ರೇಟು ಕೇಳುವುದುಂಟು. ಹುಸೇನಮ್ಮ ಮಾತ್ರ ಗೋಡೆ ನೋಡಿಯೇ ಹಾಜರಿ ಕರೆಯಬಲ್ಲಳು: ಲೈನ್‌ಮನ್ ಒಳಗ ಹೋಗ್ಯಾನ, ಅಂಚೆಯವ ಬಂದಿಲ್ಲ, ಮೇಷ್ಟ್ರು ಇವತ್ತೂ ಚಕ್ಕರ್.

ಬೀರಲಿಂಗಪ್ಪನ ಗಾಡಿ ಹದಿಮೂರು ವರ್ಷದ್ದು. ಈ ಸೀಮೆ ಆಂಧ್ರದಿಂದ ಒಡೆದು ಬೇರೆ ರಾಜ್ಯವಾದರೂ ನಂಬರ್ ಪ್ಲೇಟಿನ ಮೇಲೆ ಇನ್ನೂ ಆಂಧ್ರವೇ ಇದೆ. ಮಡ್ಗಾರ್ಡಿಗೆ ಪಾನಾ ಬೇಡದೆ ಬೆರಳಲ್ಲೇ ಬಿಚ್ಚುವಂಥ ಕಿವಿಯ ನಟ್ಟು ಹಾಕಿಸಿದ್ದಾನೆ. ಪ್ಲಗ್ಗಿನ ಟೋಪಿಯ ಮೇಲೆ ಹಳೆಯ ಸೈಕಲ್ ಟ್ಯೂಬಿನ ತುಂಡು. ಸೀಟಿನ ಪಕ್ಕದ ಚೀಲದಲ್ಲಿ ಕಳೆ ತೆಗೆಯುವ ಒಂದು ಕುರ್ಪಿ, ಚಕ್ರ ಕೆರೆಯುವುದಕ್ಕೆ. ಒಂದು ಅಂಗೈಯಗಲದ ಹಾಸುಗಲ್ಲು, ಸ್ಟ್ಯಾಂಡಿನ ಕೆಳಗಿಡುವುದಕ್ಕೆ. ಕಲ್ಲಿಲ್ಲದೆ ಸ್ಟ್ಯಾಂಡ್ ಹಾಕಿದರೆ ಅದು ಕೆಸರಲ್ಲಿ ಇಳಿದು, ನೋಡನೋಡುತ್ತಲೇ ಗಾಡಿ ಮಲಗುತ್ತದೆ. ದಿನಾ ಸಂಜೆ ಮನೆಗೆ ಬಂದವನು ಮೊದಲು ಡೀಸೆಲ್ ಬಟ್ಟೆಯಿಂದ ಚೈನು ಒರೆಸಿ ಎಣ್ಣೆ ಬಿಡಬೇಕು, ಆಮೇಲೇ ಊಟ. ಹೆಂಡತಿ ಎಂಕಮ್ಮ ಅಂದು ಅಂದು ಸಾಕಾಗಿದ್ದಾಳೆ: "ನಿಮ್ಮ ಕಾಲು ಒಡದು ಬಿರುಕು ಬಿಟ್ಟಾವು, ಅದಕ್ಕ ಎಣ್ಣಿ ಹಚ್ಚಾಕ ಹೊತ್ತಿಲ್ಲ. ಚೈನಿಗೆ ಹೊತ್ತೈತಿ!" ಕಂಬಳಿ ಕ್ಯಾನಿಗೆ. ಬಿರಡೆಯ ಸುತ್ತ ಮಳೆನೀರು ಇಳಿದರೆ ಹೆಪ್ಪುಗಟ್ಟಿ ಮುಚ್ಚಳ ಕಚ್ಚಿಕೊಂಡುಬಿಡುತ್ತದೆ. ಅವನ ಮೈಗೆ ಹೆಪ್ಪುಗಟ್ಟುವ ಭಯವಿಲ್ಲವಾದ್ದರಿಂದ ಅದು ನೆನೆಯುತ್ತದೆ.

ಸೆಪ್ಟೆಂಬರ್‌ನಲ್ಲಿ ಮಳೆ ಹಿಡಿದ ಮೂರನೆಯ ಬೆಳಗ್ಗೆ ಬಸಲಗುಡ್ಡದ ಮಹಾಂತಮ್ಮನ ಫೋನು ಬಂತು.

"ಅಣ್ಣಾ, ಚುಕ್ಕಿ ನಿನ್ನಿ ಸಂಜಿಂದ ಒದರಾಕ ಹತ್ತೈತಿ. ರಾತ್ರಿ ಫೋನು ಹತ್ತಲಿಲ್ಲ ನೋಡ್ರಿ. ಈ ಸಲ ಹೊತ್ತಿಗೆ ಬರ್ರಿ, ಅಣ್ಣಾ."

"ಈ ಸಲ" ಎಂಬ ಮಾತು ಬೀರಲಿಂಗಪ್ಪನಿಗೆ ನಾಟಿತು. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಆ ಎಮ್ಮೆಗೆ ಎರಡು ಸಲ ಅವನೇ ತಡವಾಗಿ ಹೋಗಿದ್ದ. ಒಮ್ಮೆ ಹಳ್ಳ ಇಳಿಯಲಿ ಎಂದು ಈಚೆ ದಂಡೆಯಲ್ಲಿ ಕೂತು, ಇನ್ನೊಮ್ಮೆ ಹಳ್ಳದಲ್ಲೇ ಗಾಡಿ ಬಂದಾಗಿ. ಎರಡು ಸಲವೂ ಗರ್ಭ ನಿಲ್ಲಲಿಲ್ಲ. ವರ್ಷದಿಂದ ಎಮ್ಮೆ ಬತ್ತಿ ನಿಂತಿತ್ತು. ಕರುವಾಗಿದ್ದಾಗಲೇ ಮಹಾಂತಮ್ಮ ತವರಿನಿಂದ ತಂದು ಸಾಕಿದ್ದು ಅದು. ಅವಳು ಅವನನ್ನು ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತು.

ಆಡಿದವರು ಅವಳ ಬಾವ ಶರಣಬಸವ. ಗದ್ವಾಲ್‌ನಲ್ಲಿ ಸಿಮೆಂಟಿನ ಅಂಗಡಿ, ಮೂರು ಸಂಘಗಳಿಗೆ ಗೌರವಾಧ್ಯಕ್ಷರು. ತಮ್ಮನಾದ ವೀರಯ್ಯನ, ಅಂದರೆ ಮಹಾಂತಮ್ಮನ ಗಂಡನ, ಮನೆಯಲ್ಲಿ ಏನು ಇರಬೇಕು, ಏನು ಇರಬಾರದು ಎಂಬುದನ್ನು ಅಲ್ಲಿಂದಲೇ ತೀರ್ಮಾನಿಸುತ್ತಿದ್ದರು. ಬಂಜೆ ಎಮ್ಮೆಗೆ ಮೇವು ದಂಡ, ಮುಂದಿನ ಸಂತೆಗೆ ಹೊಡೆಯಿರಿ ಎಂದು ಅಪ್ಪಣೆಯಾಗಿತ್ತು. ಸಂತೆಗೆ ನಾಲ್ಕು ದಿನ ಇತ್ತು. ಬಂಜೆ ಎಮ್ಮೆಯನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಯಾತಕ್ಕೆ ಕೊಳ್ಳುತ್ತಾರೆ ಎಂದು ಮಹಾಂತಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ.

ಸಂಜೆ ಕಂಡ ಬೆದೆಗೆ ಮರುದಿನ ಬೆಳಗ್ಗೆಯೇ ಹಾಕಬೇಕು. ಮಧ್ಯಾಹ್ನ ದಾಟಿದರೆ ಹೋಗಿಯೂ ಹೋಗದ ಹಾಗೆ.

ಒಂಬತ್ತಕ್ಕೆ ಬೀರಲಿಂಗಪ್ಪ ಹುಸೇನಮ್ಮನ ಅಂಗಡಿ ಮುಟ್ಟಿ ಮಡ್ಗಾರ್ಡು ಬಿಚ್ಚುತ್ತಿದ್ದಾಗ, ಹಿಂದೆ ಗುಡುಗಿದಂತೆ ಸದ್ದು ಮಾಡುತ್ತ ಹೊಸ ದೊಡ್ಡ ಗಾಡಿಯೊಂದು ಬಂದು ನಿಂತಿತು. ಮೇಲೆ ಶರಣಬಸವ, ಬಿಳಿ ಅಂಗಿ, ಅದರ ಮೇಲೆ ರೇನ್‌ಕೋಟು. ಸಂತೆಗೆ ಮೊದಲು ತಾವೇ ಎಮ್ಮೆಯನ್ನು ಒಮ್ಮೆ ಕಣ್ಣಾರೆ ಕಂಡು ಬೆಲೆ ಗೊತ್ತುಮಾಡಲು ಜೂರಾಲ ಅಣೆಕಟ್ಟು ದಾಟಿ ಬಂದಿದ್ದರು.

"ಏನೋ ಸೂಜಿ ಬೀರಪ್ಪ, ಗಾಡೀನ ಬತ್ತಲೆ ಮಾಡಾಕ ಹತ್ತೀಯಲ್ಲೋ!"

"ಮುಂದ ಎರಿ ಮಣ್ಣೈತ್ರಿ. ನೀವೂ ತೆಗೀರಿ."

"ಲೇ, ಇದರ ಇಂಜಿನ್ ಎಷ್ಟು ಗೊತ್ತೈತಿ? ಮುನ್ನೂರ ಐವತ್ತು! ಮಣ್ಣು ಇದಕ್ಕ ದಾರಿ ಬಿಡ್ತೈತಿ. ಮಡ್ಗಾರ್ಡ್ ಇಲ್ಲಂದ್ರ ಕೆಸರು ಮೈಮ್ಯಾಲ ಸಿಡಿಯಂಗಿಲ್ಲೇನು?"

"ಸಿಡೀತೈತಿ."

ಹುಸೇನಮ್ಮ ಒಲೆಯ ಹಿಂದಿನಿಂದಲೇ ಹೇಳಿದಳು: "ಸಾವುಕಾರ್ರೆ, ನನ್ನ ಗ್ವಾಡಿಮ್ಯಾಲ ಒಂದು ಮೊಳಿ ಖಾಲಿ ಐತ್ರೀ. ಬಾಡಿಗಿ ಕೇಳಂಗಿಲ್ಲ."

ಶರಣಬಸವ ನಕ್ಕರು. ಅವರು ಗಾಡಿ ಹೊಡೆಯುತ್ತಿದ್ದ ಕಡೆಯ ಮಣ್ಣು ಕೆಂಪು. ಮಳೆ ಬಂದರೆ ನೀರು ಕುಡಿದು ಸುಮ್ಮನಿರುತ್ತದೆ. ಎಲ್ಲ ಮಣ್ಣೂ ತಮ್ಮನ್ನು ಅದೇ ಮರ್ಯಾದೆಯಿಂದ ಕಾಣುತ್ತದೆ ಎಂಬ ನಂಬಿಕೆ ಅವರಿಗಿತ್ತು. ಗುಡುಗಿಕೊಂಡು ಮುಂದೆ ಹೋದರು.

ಒಂದು ಮೈಲಿಯೂ ಹೋಗಿರಲಿಲ್ಲ. ಬೀರಲಿಂಗಪ್ಪ ತಿರುವು ದಾಟಿದಾಗ ದೊಡ್ಡ ಗಾಡಿ ದಾರಿಯ ನಡುವೆ ಅಡ್ಡ ಮಲಗಿತ್ತು. ಎರಡೂ ಚಕ್ರಗಳು ಮಣ್ಣಿನ ಮುದ್ದೆಗಳಾಗಿದ್ದವು. ಪಕ್ಕದಲ್ಲಿ ಗೌರವಾಧ್ಯಕ್ಷರು ಒಂದು ಚಪ್ಪಲಿಯಲ್ಲಿ ನಿಂತಿದ್ದರು. ಇನ್ನೊಂದನ್ನು ನೆಲ ಇಟ್ಟುಕೊಂಡಿತ್ತು.

"ಬಾ ಬಾ, ಮೊದ್ಲು ಇದನ್ನ ಎತ್ತು. ಆಮ್ಯಾಲ ನಿನ್ನ ಗಾಡಿ ಹಿಂದ ಕಟ್ಟಿ ಎಳಿ."

ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಆ ತೂಕವನ್ನು ಎತ್ತಿ, ಕೆರೆದು, ನಡೆಯುವಂತೆ ಮಾಡಲು ಎರಡು ತಾಸು ಬೇಕು. ಎತ್ತದೆ ಹೋದರೆ ನಾಳೆ ನಾಲ್ಕು ಊರಲ್ಲಿ ಮಾತು. ಬೀರಲಿಂಗಪ್ಪ ಇಳಿದು, ಅವರೊಡನೆ ಕೈ ಹಚ್ಚಿ ಗಾಡಿಯನ್ನು ನೇರ ನಿಲ್ಲಿಸಿದ. ತನ್ನ ಹಾಸುಗಲ್ಲನ್ನು ಅದರ ಸ್ಟ್ಯಾಂಡಿನ ಕೆಳಗಿಟ್ಟ. ಚೀಲದಿಂದ ಕುರ್ಪಿ ತೆಗೆದು ಅವರ ಕೈಗೆ ಕೊಟ್ಟ.

"ಕೆರೀತಾ ಇರ್ರಿ. ಎಮ್ಮಿ ಮುಗಿಸಿ ಬರ್ತೀನಿ."

"ನನ್ನ ಬಿಟ್ಟು ಎಮ್ಮಿ ಕಡೀಗೆ ಹೋಗ್ತಿಯೇನೋ?"

"ನಿಮಗ ಹೊತ್ತು ಮೀರಂಗಿಲ್ರಿ" ಎಂದು ಹೊರಟೇಬಿಟ್ಟ.

ಕುರ್ಪಿ ಕೊಟ್ಟ ತಪ್ಪು ಅರ್ಧ ಮೈಲಿಯಲ್ಲಿ ತಿಳಿಯಿತು. ಹಿಂದಿನ ಚಕ್ರಕ್ಕೆ ಮಣ್ಣು ಕಟ್ಟಿದಾಗಲೆಲ್ಲ ಇಳಿದು ಬೆರಳಿನಲ್ಲೇ ಬಗೆದು ತೆಗೆಯಬೇಕಾಯಿತು. ಉಗುರುಗಳು ಎದ್ದು ಬರುತ್ತವೇನೋ ಅನಿಸಿತು. ಕೈ ಬಗೆಯುತ್ತಿದ್ದರೂ ಕಣ್ಣು ಗಡಿಯಾರದ ಮೇಲಿತ್ತು.

ಹಳ್ಳ ತುಂಬಿ ಕೆಂಚಗೆ ಹರಿಯುತ್ತಿತ್ತು. ಹಿಂದೊಮ್ಮೆ ಕಾಯುತ್ತ ಕೂತಿದ್ದ ಕಲ್ಲು ಅಲ್ಲೇ ಇತ್ತು. ಅವನು ಅದರತ್ತ ನೋಡಲಿಲ್ಲ. ಮೊದಲು ಗಾಡಿ ಬಿಟ್ಟು, ಕೋಲೂರುತ್ತ ನಡೆದು ಆಚೆ ಮುಟ್ಟಿ ಬಂದ. ಮೊಣಕಾಲಿನ ಮೇಲೆ ನಾಲ್ಕು ಬೆರಳು ನೀರು, ಸೆಳವು ಹೆಚ್ಚಿಲ್ಲ, ಕೆಳಗೆ ಗಟ್ಟಿ ನೆಲ. ಆದರೆ ಸೈಲೆನ್ಸರ್ ಮುಳುಗುತ್ತದೆ. ಹೋದ ಸಲ ಅವನು ಇಂಜಿನ್ ಚಾಲೂ ಇಟ್ಟುಕೊಂಡೇ ನುಗ್ಗಿದ್ದ, ಅದೇ ಕೆಟ್ಟಿದ್ದು. ಈ ಸಲ ಕಂಬಳಿ ಸಮೇತ ಕ್ಯಾನನ್ನು ಕೂಸಿನಂತೆ ಹೆಗಲಿಗೇರಿಸಿ ದಾಟಿಸಿ ಆಚೆ ಬಂಡೆಯ ಮೇಲಿಟ್ಟ. ಹಿಂದೆ ಬಂದು, ಗಾಡಿ ಬಂದ್ ಮಾಡಿ, ತಲೆಗೆ ಸುತ್ತಿದ ಟವೆಲನ್ನು ಹರಿದು ಅರ್ಧ ಸೈಲೆನ್ಸರಿನ ಬಾಯಿಗೆ ತುರುಕಿದ. ನೀರು ಬರುವ ದಿಕ್ಕಿಗೆ ಗಾಡಿ, ಇಳಿಯುವ ದಿಕ್ಕಿಗೆ ತಾನು ನಿಂತರೆ ಜಾರಿದಾಗ ಗಾಡಿ ಮೈಮೇಲೆ ಬೀಳುತ್ತದೆ. ಆದ್ದರಿಂದ ನೀರು ಬರುವ ಕಡೆ ತಾನು ನಿಂತು, ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಹೋದ.

ಆಚೆ ದಂಡೆಯಲ್ಲಿ ಕಿಕ್ ಹೊಡೆದರೆ ಗಾಡಿ ಉಸಿರೆತ್ತಲಿಲ್ಲ. ಸಿಟ್ಟು ಮಾಡಿಕೊಂಡು ಹತ್ತು ಕಿಕ್ ಹೊಡೆಯುವ ವಯಸ್ಸು ಅವನಿಗೆ ಮುಗಿದಿತ್ತು. ಸೈಲೆನ್ಸರಿಗೆ ತುರುಕಿದ್ದ ಬಟ್ಟೆ ಕಿತ್ತು, ಪ್ಲಗ್ ಬಿಚ್ಚಿ, ಇಡೀ ಲೋಕದಲ್ಲಿ ಒಣಗಿದ್ದ ಒಂದೇ ಜಾಗವಾದ ಕಂಬಳಿಯ ಒಳಮಗ್ಗುಲಿಗೆ ಒರೆಸಿ, ಉಫ್ ಎಂದು ಊದಿ ಮತ್ತೆ ಹಾಕಿದ. ಮೂರನೆಯ ಕಿಕ್ಕಿಗೆ ಸೈಲೆನ್ಸರ್ ಒಂದು ಲೋಟ ನೀರು ಉಗುಳಿ ಮಾತಾಡಿತು.

ಬಸಲಗುಡ್ಡ ಮುಟ್ಟಿದಾಗ ಹನ್ನೊಂದೂವರೆ. ಮಹಾಂತಮ್ಮ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದಳು. ಅವನು ಕೈ ತೊಳೆದ. ವೀರಯ್ಯ ಚುಕ್ಕಿಯ ಕೊಂಬು ಹಿಡಿದ. ಥರ್ಮಾಸಿನ ಬೆಚ್ಚನೆ ನೀರಿನಲ್ಲಿ ಕಡ್ಡಿ ಅರ್ಧ ನಿಮಿಷ, ಆಮೇಲಿನ ಕೆಲಸ ಐದು ನಿಮಿಷ. ಮೂರು ಸಲದ ಓಡಾಟ ಅಷ್ಟರಲ್ಲಿ ಮುಗಿದೇಹೋಯಿತು.

"ಆತೇನ್ರಿ?" ಎಂದಳು ಮಹಾಂತಮ್ಮ.

"ನನ್ನ ಕೆಲಸ ಆತು. ಅದರ ಕೆಲಸ ಇನ್ನ ಮುಂದ ಐತಿ. ಮೂರು ತಿಂಗಳು ಎಲ್ಲೂ ಕಳಸಬ್ಯಾಡ್ರಿ, ತಂಗಿ."

ಅವನು ಚಹಾ ಮುಗಿಸಿ ಏಳುವಷ್ಟರಲ್ಲಿ ಶರಣಬಸವ ನಡೆದೇ ಬಂದರು. ಬಿಳಿ ಅಂಗಿ ಯಾವುದು, ರೇನ್‌ಕೋಟು ಯಾವುದು ಎಂದು ಹೇಳುವಂತಿರಲಿಲ್ಲ. ಕೈಯಲ್ಲಿ ಕುರ್ಪಿ ಇನ್ನೂ ಇತ್ತು. ಹಳ್ಳ ದಾಟುವಾಗ ಎರಡನೆಯ ಚಪ್ಪಲಿಯೂ ಹೋಗಿತ್ತು.

"ಮೈ ತೊಳ್ಯಾಕ ಬಿಸಿ ನೀರು ಇಡವ್ವಾ" ಎಂದರು ಚಳಿಗೆ ನಡುಗುತ್ತ.

"ಇಟ್ಟೀನ್ರಿ, ಬಾವಾರೆ. ಚುಕ್ಕಿಗೆ ಸೂಜಿ ಆತ್ರಿ. ಸಂತಿಗೆ ಕಳಸೂದು ಬ್ಯಾಡ ಅಂತ."

"ಅದನ್ನ ಆಮ್ಯಾಲ ನೋಡೂಣು. ನೀರು ಕಾದಾವೇನು?"

"ಇಲ್ರೀ, ಕಟಗಿ ಹಸೀ ಅದಾವು."

ಅಡುಗೆಮನೆಯಲ್ಲಿ ತುಂಬಿದ ಗ್ಯಾಸ್ ಸಿಲಿಂಡರು ಇದ್ದದ್ದು ಬೀರಲಿಂಗಪ್ಪನ ಕಣ್ಣಿಗೂ ಬಿದ್ದಿತ್ತು. ವೀರಯ್ಯ ಜಂತಿ ಎಣಿಸುತ್ತ ಕೂತ. ಕಟ್ಟೆಯ ಮೇಲೆ ಗೌರವಾಧ್ಯಕ್ಷರ ಮೈಮೇಲಿನ ಎರೆ ಮಣ್ಣು ಬಿಗಿದುಕೊಳ್ಳತೊಡಗಿತು.

"ಒಂದು ತಿಂಗಳು ಇಟ್ಕೋರಿ, ಹೋಗ್ಲಿ" ಎಂದರು ಸ್ವಲ್ಪ ಹೊತ್ತಿನ ಮೇಲೆ.

"ಹೊಗಿನೇ ಬರಾಕ ಹತ್ತೈತ್ರಿ, ಉರಿ ಹತ್ತವಲ್ದು."

"ಮೂರು! ಮೂರು ತಿಂಗಳು! ನೀರು ಕೊಡವ್ವಾ!"

ಉರಿ ಹತ್ತಿತು.

ಡಿಸೆಂಬರಿನಲ್ಲಿ ಬೀರಲಿಂಗಪ್ಪ ಗರ್ಭ ಪರೀಕ್ಷೆಗೆ ಹೋದ. ದಾರಿ ಒಣಗಿ ಕಲ್ಲಾಗಿತ್ತು. ಅವನ ಗಾಡಿಗೆ ಮಡ್ಗಾರ್ಡು ಮರಳಿತ್ತು. ಶರಣಬಸವರೂ ಬಂದಿದ್ದರು. ಅವರ ದೊಡ್ಡ ಗಾಡಿಗೆ ಮುಂದಿನ ಮಡ್ಗಾರ್ಡೇ ಇರಲಿಲ್ಲ.

"ನೋಡೋ, ನಾನೂ ತೆಗಿಸೀನಿ. ಗದ್ವಾಲ್ ಮೆಕ್ಯಾನಿಕ್‌ಗೆ ಇದರ ಉಪಯೋಗ ನಾನೇ ತಿಳಿಸಿ ಹೇಳಬೇಕಾತು."

"ಮಳಿ ನಿಂತು ಎರಡು ತಿಂಗಳಾತ್ರಿ."

ಅದನ್ನು ಕೇಳಿಸಿಕೊಳ್ಳದೆ ಅವರು, ಅಂದು ತಾವೂ ಮಳೆಯಲ್ಲಿ ಪಟ್ಟ ಪಾಡಿನಿಂದಲೇ ಈ ಎಮ್ಮೆ ಉಳಿಯಿತು ಎಂಬುದನ್ನು ವೀರಯ್ಯನಿಗೆ ವಿವರಿಸತೊಡಗಿದರು. ಬೀರಲಿಂಗಪ್ಪ ಮೊಣಕೈ ಮಟ್ಟ ಕೈ ಒಳಗೆ ಹಾಕಿ, ಕಣ್ಣು ಮುಚ್ಚಿ, ಬೆರಳಲ್ಲೇ ತಡಕಿ ನೋಡಿದ. ಮಹಾಂತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು.

"ನಿಂತೈತಿ, ತಂಗಿ" ಎಂದ.

ಅವಳು ಹೋಗಿ ಚುಕ್ಕಿಯ ಕೊರಳಿಗೆ ಮುಖ ಹಚ್ಚಿ ನಿಂತುಬಿಟ್ಟಳು.

ಶರಣಬಸವ ಗಂಟಲು ಸರಿಮಾಡಿಕೊಂಡು, ಮನೆಯ ಹಿರಿಯರು ಕೇಳಬೇಕಾದ ಪ್ರಶ್ನೆಯನ್ನು ಕೇಳಿದರು: "ಹೌದಲ್ಲೋ ಬೀರಪ್ಪ, ಕರ ಹೆಣ್ಣೈತೋ ಗಂಡೈತೋ?"

ಬೀರಲಿಂಗಪ್ಪ ಕೈ ಹೊರಗೆಳೆದು ಬಕೀಟಿನಲ್ಲಿ ಅದ್ದಿದ.

"ಹುಟ್ಟಿದ ಮ್ಯಾಲ ಬಾಲ ಎತ್ತಿ ನೋಡ್ರಿ."