ಕುರಿಗೆ ಹುಚ್ಚೋ, ಹೇನೋ?

ನಮ್ಮ ಕುರಿ ಥಟ್ಟನೆ ತಿರುಗಿ ತನ್ನ ಪಕ್ಕೆಯನ್ನೇ ಕಚ್ಚಿ ಉಣ್ಣೆ ಕಿತ್ತಿತು. ಹಿಂದಿನ ವಾರವಷ್ಟೇ ಹಿರೇಬೆಂಡಿಗೇರಿಯ ನಮ್ಮ ಓಣಿಗೆ ಹುಚ್ಚುನಾಯಿ ನುಗ್ಗಿತ್ತು. ಕುರಿ ಹೀಗೆ ಮಾಡುವ ಮುಂಚೆ, ಬೆಳಿಗ್ಗೆ ತಾನೇ ನಾನು ಗಾಯವಾದ ಬೆರಳಿನಿಂದಲೇ ಈ ಕುರಿಯ ಬಾಯಿಗೆ ಬೆಲ್ಲ ಇಟ್ಟಿದ್ದೆ.

“ಅತ್ತಿ, ಮುಟ್ಟಬ್ಯಾಡ್ರಿ! ಅದಕ್ಕ ಹುಚ್ಚ ಹಿಡದೈತಿ!” ಎಂದು ಕಿರುಚಿದೆ.

ಅತ್ತೆ ಕೇಳಲಿಲ್ಲ. ಕುರಿಯನ್ನು ಬಿಸಿಲಿಗೆಳೆದು ಉಣ್ಣೆ ಬಿಡಿಸಿದರು. ಎಳ್ಳಿಗಿಂತ ಸಣ್ಣ ಹುಳುಗಳು ಬೆಳಕಿಗೆ ಬೆದರಿ ಉಣ್ಣೆಯ ಬುಡಕ್ಕೆ ಓಡಿದವು.

“ಹುಚ್ಚಲ್ಲ ತಗೀಬೇ, ಹೇನು ಬಿದ್ದಾವು. ಉಳಿದ ಕುರೀನೂ ಗ್ವಾಡಿಗೆ ಮೈ ತಿಕ್ಕಾಕತ್ತಾವು ನೋಡು,” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಅಂದೇ ಶಿಗ್ಗಾಂವಿಗೆ ಹೋಗಿ ಸೂಜಿ ಚುಚ್ಚಿಸಿಕೊಂಡೆ. ಹೇನನ್ನು ಇಬ್ಬರೂ ನೋಡಿದ್ದೆವು. ನಾಯಿ ಆ ಕುರಿಯನ್ನು ಕಚ್ಚಿಲ್ಲ ಎಂಬುದನ್ನು ಮಾತ್ರ ಯಾರೂ ನೋಡಿರಲಿಲ್ಲ.