ಲಿಫ್ಟಣ್ಣ ಮೆಟ್ಟಿಲು ಹತ್ತಿದ್ದು

ಲಿಫ್ಟಣ್ಣನ ಮೈಯಲ್ಲಿ ಅತ್ಯಂತ ಸುಖವಾಗಿ ಬಾಳಿದ್ದು ಅವನ ಕಾಲುಗಳು. ಐದು ಮಹಡಿಯ ಆಫೀಸು ಕಟ್ಟಡದಲ್ಲಿ, ಲಿಫ್ಟಿನ ಮೂಲೆಯ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುತ್ತಲೇ ಅವನ ತಲೆ ನೆರೆಯಿತು. ಮೆಟ್ಟಿಲು ಹತ್ತುವವರನ್ನು ಕಂಡರೆ ಅವನಿಗೆ ಕನಿಕರ. ಪಾಪ, ಯಾವ ಜನ್ಮದ ಕರ್ಮವೋ ಎನ್ನುತ್ತಿದ್ದ.

ಇಂಥವನಿಗೆ ಕಿಡ್ನಿಗಳು ಕೈಕೊಟ್ಟವು. ಎರಡೂ ಒಟ್ಟಿಗೇ, ಮೊದಲೇ ಮಾತಾಡಿಕೊಂಡ ಹಾಗೆ. ದಿನ ಬಿಟ್ಟು ದಿನ ಡಯಾಲಿಸಿಸ್, ಕುಡಿಯುವ ನೀರಿಗೂ ಲೋಟದ ಲೆಕ್ಕ. ಹೆಂಡತಿ ತನ್ನದೊಂದನ್ನು ಕೊಡುತ್ತೇನೆ ಎಂದಳು, ಪಕ್ಕದ ಮನೆಗೆ ಸೂಜಿ ದಾರ ಕೊಡುವಷ್ಟು ಸಲೀಸಾಗಿ. ಪರೀಕ್ಷೆ ಮಾಡಿದರೆ ಹೊಂದಿಕೆಯೂ ಆಯಿತು.

"ಸಂಸಾರದಲ್ಲಿ ಆಗದ ಹೊಂದಾಣಿಕೆ ರಕ್ತದಲ್ಲಾದ್ರೂ ಆಯ್ತಲ್ಲ!" ಎಂದು ಅವಳೇ ನಕ್ಕಳು.

ಆದರೆ ಡಾಕ್ಟರು ಅವನನ್ನು ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ನಡೆಸಿ ನೋಡಿದರು. ಅರ್ಧಕ್ಕೇ ಗೋಡೆ ಹಿಡಿದು ನಿಂತ. "ಇಷ್ಟು ನಿಶ್ಶಕ್ತಿ ಇದ್ರೆ ಆಪರೇಷನ್ ಕಷ್ಟ. ಕೆಲವು ತಿಂಗಳು ವ್ಯಾಯಾಮ ಮಾಡಿ, ಆಮೇಲೆ ನೋಡೋಣ" ಎಂದರು.

ವ್ಯಾಯಾಮ ಕಲಿಸುವ ಮೇಡಂ ಹೇಳಿದ್ದೇನೂ ಕುಸ್ತಿಯಲ್ಲ. ಕುರ್ಚಿಯಿಂದ ಏಳುವುದು, ಕೂರುವುದು, ಡಯಾಲಿಸಿಸ್ ಇಲ್ಲದ ದಿನ ನಿಧಾನಕ್ಕೆ ಮೆಟ್ಟಿಲು ಹತ್ತುವುದು. "ಹತ್ತುವಾಗ ಮಾತಾಡೋಕೆ ಆಗ್ಬೇಕು. ಮಾತು ನಿಂತ್ರೆ ನೀವೂ ನಿಂತು ಸುಧಾರಿಸ್ಕೊಳ್ಳಿ" ಎಂದರು ಅವರು.

"ಇವರ ಮಾತು ಯಾವತ್ತು ನಿಂತಿದೆ ಮೇಡಂ? ಕಾಲೇ ನಿಲ್ಲೋದು" ಎಂದಳು ಹೆಂಡತಿ.

ಅಂದಿನಿಂದ ಅವಳು ಪೊಲೀಸಾದಳು. ಸಂಜೆ ಆಫೀಸು ಬಿಡುವ ಹೊತ್ತಿಗೆ ಬಂದು, ಕೆಳಗಿನ ಬೆಂಚಿನಲ್ಲಿ ಕೂತು, ಗಂಡನನ್ನು ಮೆಟ್ಟಿಲಿಗೆ ಅಟ್ಟುವಳು. ಲಿಫ್ಟಣ್ಣ ತಿರುವಿನಲ್ಲಿ ಮರೆಯಾಗಿ, ಸ್ವಲ್ಪ ಹೊತ್ತಿಗೆ ಹಣೆತುಂಬ ಬೆವರು ಹೊತ್ತು ಇಳಿದು ಬರುವನು. ಅವಳಿಗೆ ಖುಷಿಯೋ ಖುಷಿ. ಆದರೆ ವಾರಗಳು ಕಳೆದರೂ ಬಸ್ಸು ಹತ್ತಲು ಅವನಿಗೆ ಅವಳ ಹೆಗಲೇ ಬೇಕು. ಇದರಲ್ಲೇನೋ ಮಸಲತ್ತಿದೆ ಅನ್ನಿಸಿತು ಅವಳಿಗೆ.

ಒಂದು ಸಂಜೆ ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆಯೇ ಹತ್ತಿದಳು. ಒಂದನೇ ಮಹಡಿಯಲ್ಲಿ ಗಂಡ ಇಲ್ಲ, ಎರಡರಲ್ಲಿ ಇಲ್ಲ, ಮೂರರಲ್ಲಿ ಅವಳ ಮಂಡಿಯೇ ಮುಷ್ಕರ ಹೂಡಿತು. ಸಾಕಪ್ಪ ಎಂದು ಕೆಳಗಿಳಿಯಲು ಲಿಫ್ಟಿನ ಗುಂಡಿ ಒತ್ತಿದಳು.

ಲಿಫ್ಟಣ್ಣ ಒಂದನೇ ಮಹಡಿಯಲ್ಲಿ, ಬಾಗಿಲು ಮುಚ್ಚಿಕೊಂಡು, ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ನಲ್ಲಿಯ ನೀರು ಹಣೆಗೆ ಬಳಿದುಕೊಂಡಾಗಿತ್ತು. ಮೂರನೇ ಮಹಡಿಯಿಂದ ಕರೆಗಂಟೆ ಬಡಿಯಿತು. ಕಳ್ಳನಾದವನು ಸುಮ್ಮನಿರಬೇಕು ತಾನೇ? ಹುಟ್ಟುಗುಣ ಸುಟ್ಟರೂ ಹೋಗದು. ಲಿಫ್ಟನ್ನು ಮೇಲೆ ತಂದು, ಬಾಗಿಲು ಸರಿಸಿ, ತಲೆ ಎತ್ತದೆ ಕೇಳಿದ:

"ಯಾವ ಮಹಡಿ?"

"ಯಮಲೋಕಕ್ಕೆ. ಹೋಗುತ್ತಾ?"

ಅಲ್ಲಿಂದ ಮುಂದಿನ ಸಹಸ್ರನಾಮ ಬರೆಯುವುದು ಬೇಡ. ಅವಳ ಉಸಿರು ಮುಗಿಯುವವರೆಗೆ ಕಾದು ಲಿಫ್ಟಣ್ಣ ಮೆಲ್ಲಗೆ ಹೇಳಿದ: "ನನ್ನ ಕಾಲು ಗಟ್ಟಿ ಆದ್ರೆ ನಿನ್ನ ಹೊಟ್ಟೆ ಕುಯ್ತಾರೆ ಕಣೇ. ನಿನಗೇನಾದ್ರೂ ಆದ್ರೆ? ನಂಗೆ ಭಯ."

ಅವಳು ಬಾಗಿಲಿಗೆ ಒರಗಿದಳು. ಬೈಗುಳವೆಲ್ಲ ಎಲ್ಲಿ ಹೋಯಿತೋ.

"ಭಯ ನನಗಿಲ್ವಾ? ಆಪರೇಷನ್ ಅಂದ್ರೆ ಕೈಕಾಲು ತಣ್ಣಗಾಗುತ್ತೆ. ಆದ್ರೆ ನೀವಿಲ್ಲದ ಮನೇಲಿ ಎರಡೂ ಕಿಡ್ನಿ ಇಟ್ಕೊಂಡು ನಾನೇನ್ರೀ ಮಾಡ್ಲಿ?"

ಲಿಫ್ಟಣ್ಣ ಸ್ಟೂಲಿನಿಂದ ಎದ್ದ. ಲಿಫ್ಟಿನ ದೀಪ ಆರಿಸಿ, ಬಾಗಿಲು ಎಳೆದು, ಮೆಟ್ಟಿಲಿನ ಕಡೆ ನಡೆದ.

"ನೀನು ಇಲ್ಲೇ ಇರು, ಮಂಡಿ ನೋವು."

"ನಿಮ್ಮನ್ನ ನಂಬಿ ಕೆಟ್ಟಿದ್ದು ಸಾಕು. ನಡೀರಿ" ಎಂದು ಅವಳೂ ಹೊರಟಳು.

ನಾಲ್ಕನೇ ಮಹಡಿಯಲ್ಲಿ ಇಬ್ಬರೂ ಕಂಬಿ ಹಿಡಿದು ನಿಂತರು. ಯಾರ ಏದುಸಿರು ಜಾಸ್ತಿ ಎಂದು ಹೇಳುವುದು ಕಷ್ಟ.

"ಆಪರೇಷನ್ ದಿನ ಮೊದಲು ಯಾರನ್ನ ಒಳಗೆ ಕರ್ಕೊಂಡು ಹೋಗ್ತಾರೆ?" ಎಂದು ಅವನು ಕೇಳಿದ.

"ನನ್ನನ್ನೇ ಅಂತೆ."

ಲಿಫ್ಟಣ್ಣ ಕಂಬಿ ಬಿಟ್ಟು ನೆಟ್ಟಗೆ ನಿಂತ. "ಹಾಗಾದ್ರೆ ಆ ಬಾಗಿಲ ತನಕ ನಿನ್ನ ಜೊತೆ ನಾನೇ ನಡ್ಕೊಂಡು ಬರ್ತೀನಿ" ಎಂದು ಐದನೇ ಮಹಡಿಯ ಮೆಟ್ಟಿಲಿಗೆ ಕಾಲಿಟ್ಟ.